8 ಜಿಎಫ್‌ಸಿ ಸ್ಯಾನ್ ಕಟ್ಟಿದ ದಾಖಲೆ: ಕಾರ್ಡ್, ಕೇಬಲ್, ಹೆಸರು ಮತ್ತು ಎಡವಿದ ಜಾಗಗಳು

ಸ್ಯಾನ್ ಎಂದರೆ ಡಿಸ್ಕ್ ಹಂಚಲೆಂದೇ ಕಟ್ಟಿದ ಪ್ರತ್ಯೇಕ ಜಾಲ. ಇಲ್ಲಿ ಅದರ ಪ್ರೋಟೋಕಾಲ್ ಫೈಬರ್ ಚಾನೆಲ್, 8 ಜಿಎಫ್‌ಸಿ ಎಂಬುದು ಅದರ ವೇಗದ ತಲೆಮಾರು. ಕೆಲಸ ಇಷ್ಟು: ಒಂದು ಸ್ಟೋರೇಜ್ ಸರ್ವರ್‌ನಲ್ಲಿರುವ ಡಿಸ್ಕ್‌ಗಳನ್ನು ಫೈಬರ್ ಚಾನೆಲ್ ಮೂಲಕ ಎರಡು ಹೋಸ್ಟ್‌ಗಳಿಗೆ (ಆ ಡಿಸ್ಕ್ ಬಳಸುವ ಯಂತ್ರಗಳಿಗೆ) ಹಂಚಬೇಕು. ಮೂರೂ ಯಂತ್ರಗಳಲ್ಲಿ ಲಿನಕ್ಸ್. ಪ್ರತಿ ಯಂತ್ರದಿಂದ ಎರಡು ದಾರಿ, ಎರಡು ಬೇರೆ ಬೇರೆ ಸ್ವಿಚ್. ಒಂದು ಕೇಬಲ್ ಕಿತ್ತರೂ, ಒಂದು ಸ್ವಿಚ್ ನಿಂತರೂ ಓದು-ಬರಹ ನಡೆಯುತ್ತಿರಬೇಕು. ಜೋಡಣೆ ಮುಗಿದು ಈಗ ಓಡುತ್ತಿದೆ. ಎರಡು ದಿನದಲ್ಲಿ ಆಗಬೇಕಿದ್ದ ಕೆಲಸ ಆರು ದಿನ ಹಿಡಿಯಿತು. ಕೆಟ್ಟ ಭಾಗ ಒಂದೂ ಇರಲಿಲ್ಲ. ದಿನಗಳನ್ನು ತಿಂದದ್ದು ಬಹುಪಾಲು ಹೆಸರಿನ ಗೊಂದಲ: ಒಂದೇ ತರಹ ಕಾಣುವ ಎರಡು ಭಾಗ, ಒಂದೇ ತರಹ ಕಾಣುವ ಎರಡು ಸಂಖ್ಯೆ, ಒಂದೇ ಪದಕ್ಕೆ ಎರಡು ಅರ್ಥ. ಆದ್ದರಿಂದ ಪ್ರತಿ ಹಂತದಲ್ಲೂ ಅಲ್ಲಲ್ಲಿಗೆ ಬೇಕಾದ ಪದವನ್ನು ಬಿಡಿಸಿ ಬರೆದಿದೆ.

ಹಂತ 0: ಸಾಮಾನು

ಹೋಸ್ಟ್ 2, ಸ್ಟೋರೇಜ್ ಸರ್ವರ್ 1. ಎರಡು ಪೋರ್ಟ್‌ನ 8 ಜಿಎಫ್‌ಸಿ ಎಚ್‌ಬಿಎ ಕಾರ್ಡ್ 3. 8 ಜಿಎಫ್‌ಸಿ ಸ್ವಿಚ್ 2. ಎಸ್‌ಎಫ್‌ಪಿ ಪ್ಲಸ್ ಮಾಡ್ಯೂಲ್ (ಬೆಳಕು-ವಿದ್ಯುತ್ ಪರಿವರ್ತಕ) 12: ಕಾರ್ಡ್‌ಗಳ ಕಡೆ 6, ಸ್ವಿಚ್‌ಗಳ ಕಡೆ 6. ಓಎಂ3 ಫೈಬರ್ ಕೇಬಲ್, ಎರಡೂ ತುದಿ ಎಲ್‌ಸಿ ಕನೆಕ್ಟರ್, ಜೋಡಿ ಎಳೆಯದು: 3 ಮೀಟರಿನವು 4, 10 ಮೀಟರಿನವು 2. ಸ್ಟೋರೇಜ್ ಸರ್ವರ್‌ಗೆ 8 ಆಂತರಿಕ ಲೇನ್‌ಗಳ (ದತ್ತಾಂಶದ ಜಾಡುಗಳ) 6 ಗಿಗಾಬಿಟ್ ಸ್ಯಾಸ್ ಎಚ್‌ಬಿಎ (ಡಿಸ್ಕ್ ಜೋಡಿಸುವ ಕಾರ್ಡ್) 1, ಸಾಟಾ ಎಸ್‌ಎಸ್‌ಡಿ 8, ಒಂದು ತುದಿಯಿಂದ ನಾಲ್ಕು ತುದಿಗೆ ಒಡೆಯುವ ಕೇಬಲ್ 2.

ಉಪಕರಣ: ಸ್ಕ್ರೂಡ್ರೈವರ್, ಮಣಿಕಟ್ಟಿನ ಅರ್ಥಿಂಗ್ ಪಟ್ಟಿ, 1.25 ಮಿಲಿಮೀಟರ್ ತುದಿಯ ಫೈಬರ್ ಕ್ಲೀನರ್ ಪೆನ್, ಕೆಂಪು ಬೆಳಕಿನ ಪರೀಕ್ಷಕ, ಸ್ವಿಚ್‌ಗೆ ಕನ್ಸೋಲ್ ಕೇಬಲ್, ಲೇಬಲ್ ಮುದ್ರಿಸುವ ಯಂತ್ರ.

ಹಳೆಯ ತಲೆಮಾರಿನ 8 ಜಿಎಫ್‌ಸಿ ಸಾಮಾನು 16 ಮತ್ತು 32 ಜಿಎಫ್‌ಸಿಯ ಮುಂದೆ ತೀರ ಅಗ್ಗ. ಆ ಉಳಿತಾಯದಲ್ಲಿ ಮೊದಲು ಕ್ಲೀನರ್ ಪೆನ್ ತೆಗೆದುಕೊಳ್ಳಿ. ಅದನ್ನು ಬಿಟ್ಟು ಫೈಬರ್ ಕೆಲಸಕ್ಕೆ ಕೈ ಹಾಕಬಾರದು. ಕಾರಣ ಹಂತ 3ರಲ್ಲಿ ಬರುತ್ತದೆ.

ವ್ಯರ್ಥವಾದ ಖರೀದಿ ಎರಡು: ತಪ್ಪು ದಿಕ್ಕಿನ ಸ್ಯಾಸ್ ಕೇಬಲ್ ಒಂದು ಜೊತೆ, ತಪ್ಪು ಜಾತಿಯ ಎಸ್‌ಎಫ್‌ಪಿ ಪ್ಲಸ್ ಎರಡು.

ಹಂತ 1: ಕಾರ್ಡ್ ಗುರುತಿಸಿ ಕೂರಿಸುವುದು

ಎಚ್‌ಬಿಎ ಎಂದರೆ ಹೋಸ್ಟ್ ಬಸ್ ಅಡಾಪ್ಟರ್: ಯಂತ್ರದ ಪಿಸಿಐಇ ಬಸ್ಸಿಗೂ ಸ್ಟೋರೇಜ್ ಜಾಲಕ್ಕೂ ನಡುವಿನ ಕಾರ್ಡ್. ಈ ಹೆಸರಿನಲ್ಲಿ ಫೈಬರ್ ಚಾನೆಲ್ ಕಾರ್ಡೂ ಬರುತ್ತದೆ, ಸ್ಯಾಸ್ ಕಾರ್ಡೂ ಬರುತ್ತದೆ, ಐಸ್ಕಸಿ (ಈಥರ್ನೆಟ್ ಜಾಲದ ಮೇಲೆ ಡಿಸ್ಕ್ ಹಂಚುವ ವಿಧಾನ) ಕೆಲಸವನ್ನು ತಾನೇ ಹೊರುವ ಕಾರ್ಡೂ ಬರುತ್ತದೆ. ಬರೀ "ಎಚ್‌ಬಿಎ ಬೇಕು" ಎಂದು ಪಟ್ಟಿಯಲ್ಲಿ ಬರೆದರೆ ಯಾವುದು ಬೇಕಾದರೂ ಬರಬಹುದು. ಇನ್ನೊಂದು ಬಲೆ ಸಿಎನ್‌ಎ: ಅದು 10 ಗಿಗಾಬಿಟ್ ಈಥರ್ನೆಟ್ ಮತ್ತು ಅದರ ಮೇಲೆ ಸಾಗುವ ಫೈಬರ್ ಚಾನೆಲ್ ಎರಡನ್ನೂ ಹೊರುವ ಕಾರ್ಡ್. ಎರಡು ಎಸ್‌ಎಫ್‌ಪಿ ಪ್ಲಸ್ ಗೂಡು, ಅದೇ ಹೀಟ್‌ಸಿಂಕ್, ಹೊರಗಿನಿಂದ 8 ಜಿಎಫ್‌ಸಿ ಕಾರ್ಡಿನಂತೆಯೇ ಕಾಣುತ್ತದೆ. ಅಪ್ಪಟ ಫೈಬರ್ ಚಾನೆಲ್ ಸ್ವಿಚ್‌ಗೆ ಜೋಡಿಸಿದರೆ ಮಾತ್ರ ಲಿಂಕ್ ಬರುವುದಿಲ್ಲ. ಕಾರ್ಡಿನ ಚಿತ್ರ ನಂಬಬೇಡಿ, ಮಾಡೆಲ್ ಸಂಖ್ಯೆ ನೋಡಿ. ಕಾರ್ಡ್ ಕೈಯಲ್ಲಿದ್ದರೆ ಯಂತ್ರಕ್ಕೆ ಹಾಕಿ ಎಲ್‌ಎಸ್‌ಪಿಸಿಐ (ಪಿಸಿಐಇ ಕಾರ್ಡ್‌ಗಳ ಪಟ್ಟಿ ಕೊಡುವ ಆಜ್ಞೆ) ಓಡಿಸಿ: ಆ ಕಾರ್ಡಿಗೆ ಫೈಬರ್ ಚಾನೆಲ್ ಎಂದು ಮಾತ್ರ ಬಂದರೆ ಸರಿ, ಜೊತೆಗೆ ಈಥರ್ನೆಟ್ ಎಂದೂ ಬಂದರೆ ಅದು ಸಿಎನ್‌ಎ.

ಕೂರಿಸುವ ಮುನ್ನ ನೋಡಬೇಕಾದದ್ದು ಬ್ರಾಕೆಟ್ ಎತ್ತರ. ಎರಡು ಕಾರ್ಡ್ ಗಿಡ್ಡ ಬ್ರಾಕೆಟ್‌ನೊಂದಿಗೆ ಬಂದಿದ್ದವು, ಹೋಸ್ಟ್‌ಗಳು ಪೂರ್ಣ ಎತ್ತರದವು. ಬ್ರಾಕೆಟ್ ಇಲ್ಲದೆ ಕಾರ್ಡನ್ನು ಸ್ಲಾಟಿನಲ್ಲಿ ನಿಲ್ಲಿಸುವ ಯೋಚನೆ ಬೇಡ. ಫೈಬರ್ ಕೇಬಲ್ ಎಳೆದಾಗ ಬೀಳುವ ಭಾರವನ್ನೆಲ್ಲ ಹೊರುವುದು ಆ ಬ್ರಾಕೆಟ್ಟಿನ ಸ್ಕ್ರೂ.

ಲೇನ್ ಲೆಕ್ಕ: ಪಿಸಿಐಇ 2.0ರಲ್ಲಿ ಒಂದು ಲೇನ್‌ಗೆ ಸೆಕೆಂಡಿಗೆ 500 ಎಂಬಿ. 8 ಜಿಎಫ್‌ಸಿಯ ಒಂದು ಪೋರ್ಟ್ ಒಂದು ದಿಕ್ಕಿಗೆ ಸುಮಾರು 800 ಎಂಬಿ, ಎರಡು ಪೋರ್ಟ್‌ಗೆ 1600. ಹಾಗಾಗಿ ಕನಿಷ್ಠ ×4 ಬೇಕು, ×8 ಇದ್ದರೆ ನೆಮ್ಮದಿ. ಸ್ಟೋರೇಜ್ ಸರ್ವರ್‌ನಲ್ಲಿ ×8 ಸ್ಲಾಟನ್ನು ಸ್ಯಾಸ್ ಕಾರ್ಡಿಗೆ ಕೊಟ್ಟು, ಫೈಬರ್ ಕಾರ್ಡನ್ನು ಉದ್ದದ ×16 ಸ್ಲಾಟಿಗೆ ಹಾಕಲಾಯಿತು. ಸ್ಲಾಟ್ ಉದ್ದ ×16 ಆದರೂ ಒಳಗಿನ ತಂತಿ ×4ಕ್ಕೆ ಮಾತ್ರ. ಎಲ್‌ಎಸ್‌ಪಿಸಿಐ ವಿವರದಲ್ಲಿ ಲಿಂಕ್ ಸ್ಥಿತಿ "5 ಜಿಟಿ, ಅಗಲ ×4" ಎಂದು ಬಂತು, ಅಂದರೆ ಪಿಸಿಐಇ 2.0ರ ವೇಗ, ನಾಲ್ಕು ಲೇನ್. ಸಾಕು ಎಂದು ಟಿಕ್ ಹಾಕಿದ್ದಾಯಿತು. ಈ ಟಿಕ್ ಹಂತ 8ರಲ್ಲಿ ಒಂದೂವರೆ ದಿನ ತಿಂದಿತು.

ಹಂತ 2: ಡಿಸ್ಕ್ ಕಡೆ, ಮೊದಲ ಸೋಲು

ಸ್ಯಾಸ್ ಕಾರ್ಡಿನಲ್ಲಿ ಎಸ್‌ಎಫ್‌ಎಫ್-8087 ಎಂಬ ಎರಡು ಕನೆಕ್ಟರ್‌ಗಳಿವೆ. ಒಂದೊಂದರಲ್ಲಿ ನಾಲ್ಕು ಲೇನ್. ಒಳಗಿನ ಜೋಡಣೆಗೆ 8087. ಪೆಟ್ಟಿಗೆಯ ಹೊರಗೆ ಹೋಗುವುದು 8088. ಅದರ ನಂತರದ ತಲೆಮಾರಿನಲ್ಲಿ ಒಳಗೆ 8643, ಹೊರಗೆ 8644. ಈ ನಾಲ್ಕು ಸಂಖ್ಯೆ ನೆನಪಿದ್ದರೆ ಕೇಬಲ್ ಕೊಳ್ಳುವಾಗ ಅರ್ಧ ಕೆಲಸ ಆದಂತೆ.

ಉಳಿದರ್ಧ ದಿಕ್ಕು. ಎಂಟು ಡಿಸ್ಕ್ ಜೋಡಿಸಿ, ಯಂತ್ರ ಹಚ್ಚಿದರೆ ಕಾರ್ಡ್ ಕಾಣುತ್ತದೆ, ಡಿಸ್ಕ್ ಒಂದೂ ಇಲ್ಲ. ಪವರ್ ಪರೀಕ್ಷಿಸಿದ್ದಾಯಿತು, ಡಿಸ್ಕ್ ಬದಲಿಸಿದ್ದಾಯಿತು, ಕಾರ್ಡಿನ ಫರ್ಮ್‌ವೇರ್ ಮತ್ತೆ ಬರೆದದ್ದೂ ಆಯಿತು. ಕಾರಣ ಕೇಬಲ್. ಒಡೆಯುವ ಕೇಬಲ್‌ನಲ್ಲಿ ಎರಡು ಬಗೆ: ಫಾರ್ವರ್ಡ್ ಮತ್ತು ರಿವರ್ಸ್. ಕಾರ್ಡಿನ 8087ರಿಂದ ನಾಲ್ಕು ಡಿಸ್ಕ್‌ಗೆ ಹೋಗುವುದು ಫಾರ್ವರ್ಡ್. ಮದರ್‌ಬೋರ್ಡಿನ ನಾಲ್ಕು ಸಾಟಾ ಪೋರ್ಟ್‌ನಿಂದ ಬ್ಯಾಕ್‌ಪ್ಲೇನ್‌ನ (ಡಿಸ್ಕ್‌ಗಳು ಕೂರುವ ಫಲಕದ) 8087ಕ್ಕೆ ಹೋಗುವುದು ರಿವರ್ಸ್. ಎರಡೂ ಹೊರಗಿನಿಂದ ತದ್ರೂಪ. ಒಳಗಿನ ತಂತಿ ಜೋಡಣೆ ಬೇರೆ. ಬಂದದ್ದು ರಿವರ್ಸ್. ಫಾರ್ವರ್ಡ್ ಕೇಬಲ್ ಬಂದ ಮೇಲೆ ಏಳು ಡಿಸ್ಕ್ ತಕ್ಷಣ ಕಂಡವು. ಎಂಟನೆಯದರ ಸಾಟಾ ತುದಿ ಅರ್ಧ ಮಾತ್ರ ಕೂತಿತ್ತು. ಕ್ಲಿಕ್ ಶಬ್ದ ಬರುವವರೆಗೆ ಒತ್ತಬೇಕು.

ಫರ್ಮ್‌ವೇರ್ ಬಗ್ಗೆ ಒಂದು ಮಾತು. ಈ ಬಗೆಯ ಕಾರ್ಡ್‌ಗಳಿಗೆ ಐಟಿ ಮತ್ತು ಐಆರ್ ಎಂಬ ಎರಡು ಫರ್ಮ್‌ವೇರ್ ಸಿಗುತ್ತವೆ. ಐಟಿ ಎಂದರೆ ಡಿಸ್ಕ್‌ಗಳನ್ನು ಇದ್ದ ಹಾಗೆಯೇ ಯಂತ್ರಕ್ಕೆ ತೋರಿಸುವುದು, ಐಆರ್‌ನಲ್ಲಿ ಕಾರ್ಡೇ ಸರಳ ರೇಡ್ ಮಾಡುತ್ತದೆ. ರೇಡ್ ಲಿನಕ್ಸ್‌ನಲ್ಲೇ ಆಗಬೇಕಿದ್ದರಿಂದ ಇಲ್ಲಿ ಐಟಿ. ಎಂಟು ಡಿಸ್ಕ್‌ಗಳ ಮೇಲೆ ಎಂಡಿ (ಲಿನಕ್ಸ್‌ನದೇ) ರೇಡ್ 10, ಅದರ ಮೇಲೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ಪದರ), ಅದರಲ್ಲಿ ಎರಡು ವಾಲ್ಯೂಮ್, ಹೋಸ್ಟಿಗೊಂದರಂತೆ.

ಈ ಕಾರ್ಡಿನ ಹೀಟ್‌ಸಿಂಕ್ ಮೇಲೆ ಫ್ಯಾನ್ ಇರುವುದಿಲ್ಲ. ಸರ್ವರ್ ಪೆಟ್ಟಿಗೆಯ ಗಾಳಿಯನ್ನೇ ನಂಬಿ ಮಾಡಿದ ಕಾರ್ಡ್ ಅದು. ಸಾಮಾನ್ಯ ಟವರ್ ಕೇಸಿನಲ್ಲಿ ಹಾಕಿದರೆ ಬೆರಳಿಡಲಾಗದಷ್ಟು ಕಾಯುತ್ತದೆ, ಆಮೇಲೆ ಡಿಸ್ಕ್‌ಗಳು ಗೊತ್ತುಗುರಿಯಿಲ್ಲದೆ ಕಳಚಿಕೊಳ್ಳುತ್ತವೆ. 40 ಮಿಲಿಮೀಟರಿನ ಫ್ಯಾನ್ ಒಂದನ್ನು ನೇರ ಅದರ ಮೇಲೆ ಕಟ್ಟಲಾಯಿತು.

ಹಂತ 3: ಎಸ್‌ಎಫ್‌ಪಿ, ಫೈಬರ್, ಕೊಳೆ

ಬೆಳಕನ್ನು ವಿದ್ಯುತ್ತಾಗಿ, ವಿದ್ಯುತ್ತನ್ನು ಬೆಳಕಾಗಿ ಮಾಡುವ ಸಣ್ಣ ಮಾಡ್ಯೂಲೇ ಟ್ರಾನ್ಸೀವರ್. ಎಸ್‌ಎಫ್‌ಪಿ ಎಂಬುದು ಅದರ ಆಕಾರದ ಹೆಸರು. 4 ಜಿಎಫ್‌ಸಿವರೆಗೆ ಎಸ್‌ಎಫ್‌ಪಿ, 8 ಮತ್ತು 16ಕ್ಕೆ ಎಸ್‌ಎಫ್‌ಪಿ ಪ್ಲಸ್, 32ಕ್ಕೆ ಎಸ್‌ಎಫ್‌ಪಿ28. ಆಕಾರದ ಹೆಸರು ಒಳಗೆ ಯಾವ ಪ್ರೋಟೋಕಾಲಿನ ವೇಗವಿದೆ ಎಂದು ಹೇಳುವುದಿಲ್ಲ, ಎರಡನೇ ಸೋಲು ಬಂದದ್ದು ಇಲ್ಲಿಂದಲೇ. ಹೆಚ್ಚುವರಿಯಾಗಿ ತರಿಸಿದ ಎರಡು ಎಸ್‌ಎಫ್‌ಪಿ ಪ್ಲಸ್ 10 ಗಿಗಾಬಿಟ್ ಈಥರ್ನೆಟ್ಟಿನವು. ಅದೇ ಆಕಾರ, ಅದೇ 850 ನ್ಯಾನೋಮೀಟರ್ ಬೆಳಕು, ಅದೇ ಎಲ್‌ಸಿ ಬಾಯಿ. ಆದರೆ ಅದು 10.3125 ಗಿಗಾಬಾಡ್‌ಗೆ ಮಾಡಿದ್ದು, 8 ಜಿಎಫ್‌ಸಿ ಓಡುವುದು 8.5ರಲ್ಲಿ. ಸ್ವಿಚ್ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ: "ಅಮಾನ್ಯ ಮಾಡ್ಯೂಲ್" ಎಂದಿತು. ಕಾರ್ಡಿಗೆ ಹಾಕಿದಾಗ ಸಂದೇಶವೂ ಇಲ್ಲ, ಲಿಂಕೂ ಇಲ್ಲ. ಮಾಡ್ಯೂಲ್ ಹೊಟ್ಟೆಯ ಮೇಲಿನ ಚೀಟಿಯಲ್ಲಿ ಫೈಬರ್ ಚಾನೆಲ್ ವೇಗ ಬರೆದಿದೆಯೇ ಎಂದು ನೋಡಿಯೇ ಹಾಕಬೇಕು.

ಹಳೆಯ ವೇಗಗಳೊಂದಿಗಿನ ಹೊಂದಾಣಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಫೈಬರ್ ಚಾನೆಲ್ ಸಾಮಾನು ಸಾಮಾನ್ಯವಾಗಿ ಎರಡು ತಲೆಮಾರು ಹಿಂದಕ್ಕೆ ಹೊಂದುತ್ತದೆ: 8ರ ಮಾಡ್ಯೂಲ್ 8, 4, 2ರಲ್ಲಿ ಓಡುತ್ತದೆ, 16ರದ್ದು 16, 8, 4ರಲ್ಲಿ, 32ರದ್ದು 32, 16, 8ರಲ್ಲಿ. 32ರ ಮಾಡ್ಯೂಲನ್ನು 4ರ ಹಳೆಯ ಸ್ಟೋರೇಜಿಗೆ ಎದುರಾಗಿ ನಿಲ್ಲಿಸಿದರೆ ಮಾತುಕತೆಯೇ ಆಗುವುದಿಲ್ಲ.

ಕೇಬಲ್: ಓಎಂ3ಯ ತಿರುಳು 50 ಮೈಕ್ರಾನ್, ಹೊದಿಕೆ ತಿಳಿ ನೀಲಿ-ಹಸಿರು. 8 ಜಿಎಫ್‌ಸಿಗೆ ಅದರ ಮಿತಿ 150 ಮೀಟರ್, 16 ಜಿಎಫ್‌ಸಿಗೆ 100 ಮೀಟರ್. ಹಳೆಯ ಕಿತ್ತಳೆ ಬಣ್ಣದ ಓಎಂ2 ಆದರೆ 8ಕ್ಕೆ 50 ಮೀಟರ್. ನಮ್ಮ ದೂರ 10 ಮೀಟರ್ ಆದ್ದರಿಂದ ಯಾವುದಾದರೂ ನಡೆಯುತ್ತಿತ್ತು. ಹಳದಿ ಹೊದಿಕೆಯ ಸಿಂಗಲ್‌ಮೋಡ್ ಕೇಬಲ್ ಮಾತ್ರ ಈ ಮಾಡ್ಯೂಲ್‌ಗಳ ಜೊತೆ ಬಳಸಬಾರದು. ಅದರ ತಿರುಳು 9 ಮೈಕ್ರಾನ್, ಅದು 1310 ನ್ಯಾನೋಮೀಟರಿನ ದೂರದ ಮಾಡ್ಯೂಲ್‌ಗಳಿಗೆ.

ಆರು ಲಿಂಕ್‌ಗಳಲ್ಲಿ ನಾಲ್ಕು ಕೂಡಲೇ ಬಂದವು. ಐದನೆಯದರಲ್ಲಿ ಸ್ವಿಚ್ "ಬೆಳಕಿಲ್ಲ" ಎಂದಿತು. ಕೇಬಲ್ ತುದಿಗಳ ಜೋಡಿ ಅದಲುಬದಲಾಗಿತ್ತು, ಕಳುಹಿಸುವ ಬಾಯಿಗೆ ಎದುರು ಕಡೆಯ ಕಳುಹಿಸುವ ಬಾಯಿಯೇ ಬಂದಿತ್ತು. ಕೆಂಪು ಬೆಳಕಿನ ಪರೀಕ್ಷಕ ಹಾಕಿದರೆ ಯಾವ ಎಳೆ ಎಲ್ಲಿ ಹೊರಡುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಎಲ್‌ಸಿ ತುದಿಯ ಪ್ಲಾಸ್ಟಿಕ್ ಹಿಡಿಕೆ ಬಿಚ್ಚಿ ಎರಡು ಎಳೆ ಅದಲು ಮಾಡಿದ್ದಕ್ಕೆ ಲಿಂಕ್ ಬಂತು. ಒಂದು ಎಚ್ಚರಿಕೆ: 850 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣದು. ಉರಿಯುತ್ತಿದೆಯೇ ಎಂದು ಬಾಯಿಯೊಳಗೆ ಇಣುಕಿ ನೋಡುವ ಅಭ್ಯಾಸ ಕಣ್ಣಿಗೆ ಅಪಾಯ.

ಆರನೆಯ ಲಿಂಕ್ ಬರುತ್ತಿತ್ತು, ಹೋಗುತ್ತಿತ್ತು. ಸ್ವಿಚ್‌ನಲ್ಲಿ ಮಾಡ್ಯೂಲಿನ ಒಳ ಅಳತೆ ತೆಗೆದರೆ ಬರುವ ಬೆಳಕು −11.2 ಡಿಬಿಎಂ (ಬೆಳಕಿನ ಬಲದ ಅಳತೆ, ಕೆಳಗಿಳಿದಷ್ಟೂ ದುರ್ಬಲ). ಉಳಿದ ಪೋರ್ಟ್‌ಗಳಲ್ಲಿ −2.5ರಿಂದ −3.5 ಇತ್ತು. ಕೇಬಲ್ ಹೊಸದು, ಮುಚ್ಚಳ ತೆಗೆದು ನೇರ ಹಾಕಿದ್ದು. ಹೊಸದೆಂದ ಮಾತ್ರಕ್ಕೆ ಶುಚಿ ಎಂದಲ್ಲ. ಮುಚ್ಚಳದ ಒಳಗಿನ ಪ್ಲಾಸ್ಟಿಕ್ ಪುಡಿಯೇ ತುದಿಗೆ ಅಂಟುತ್ತದೆ. ಪೆನ್ನಿನಿಂದ ಎರಡೂ ತುದಿ, ಆಮೇಲೆ ಎಸ್‌ಎಫ್‌ಪಿಯ ಬಾಯಿ ಒರೆಸಿದ ಮೇಲೆ −3.1. ಅಂದಿನಿಂದ ನಿಯಮ: ಪ್ರತಿ ಸಲ ಹಾಕುವ ಮುನ್ನ ಒರೆಸುವುದು, ಹೊಸದಾಗಿರಲಿ ಹಳೆಯದಾಗಿರಲಿ.

ಹಂತ 4: ಸ್ವಿಚ್ ಮತ್ತು ಪೋರ್ಟಿನ ಹೆಸರುಗಳು

ಎರಡೂ ಸ್ವಿಚ್ ಹಿಂದೆ ಬೇರೆಡೆ ಕೆಲಸ ಮಾಡಿದವು. ಮೊದಲ ಕೆಲಸ ಹಳೆಯ ಝೋನ್ ಸಂರಚನೆ (ಯಾವ ಪೋರ್ಟ್ ಯಾವುದನ್ನು ನೋಡಬಹುದು ಎಂಬ ನಿಯಮಗಳು) ಅಳಿಸಿ, ಆ ಬದಲಾವಣೆಯನ್ನು ಉಳಿಸುವುದು. ಅಳಿಸದಿದ್ದರೆ ಹೊಸ ಕಾರ್ಡ್‌ಗಳು ಸ್ವಿಚ್‌ಗೆ ಬಂದರೂ ಹಳೆಯ ಝೋನ್‌ಗಳು ಒಂದನ್ನೊಂದು ನೋಡಗೊಡುವುದಿಲ್ಲ. ಎರಡನೆಯದು ಪೋರ್ಟ್ ಪರವಾನಗಿ: ಇಂಥ ಸ್ವಿಚ್‌ಗಳಲ್ಲಿ ಗೂಡು 24 ಇದ್ದರೂ ಪರವಾನಗಿ 8ಕ್ಕೆ ಮಾತ್ರ ಇರಬಹುದು. ಪೋರ್ಟ್ 0ರಿಂದ 7ರೊಳಗೇ ಎಲ್ಲವನ್ನೂ ಹಾಕಲಾಯಿತು.

ಎರಡು ಸ್ವಿಚ್‌ಗಳನ್ನು ಪರಸ್ಪರ ಜೋಡಿಸಿಲ್ಲ. ಒಂದು ಸ್ವಿಚ್ ಅಥವಾ ಒಂದಕ್ಕೊಂದು ಕೂಡಿದ ಸ್ವಿಚ್‌ಗಳ ಗುಂಪಿಗೆ ಫ್ಯಾಬ್ರಿಕ್ ಎನ್ನುತ್ತಾರೆ. ಇಲ್ಲಿ ಬೇಕಾದದ್ದು ಎರಡು ಪ್ರತ್ಯೇಕ ಫ್ಯಾಬ್ರಿಕ್, ಎ ಮತ್ತು ಬಿ. ನಡುವೆ ಕೇಬಲ್ ಎಳೆದರೆ ಎರಡೂ ಕೂಡಿ ಒಂದೇ ಆಗುತ್ತವೆ. ಝೋನ್ ತಿದ್ದುವಾಗ ಒಂದು ತಪ್ಪಾದರೆ ಎರಡೂ ದಾರಿ ಒಟ್ಟಿಗೆ ಹೋಗುತ್ತವೆ. ಬೇರೆ ಇಟ್ಟದ್ದರ ಲಾಭವೇ ಅದನ್ನು ತಪ್ಪಿಸುವುದು.

ಡೊಮೈನ್ ಸಂಖ್ಯೆ (ಫ್ಯಾಬ್ರಿಕ್‌ನಲ್ಲಿ ಸ್ವಿಚ್‌ನ ಗುರುತು) ಸ್ವಿಚ್ ಎಗೆ 1, ಬಿಗೆ 2 ಇಡಲಾಯಿತು. ಬೇರೆ ಬೇರೆ ಫ್ಯಾಬ್ರಿಕ್ ಆದ್ದರಿಂದ ಎರಡಕ್ಕೂ 1 ಇದ್ದರೂ ನಡೆಯುತ್ತಿತ್ತು. ಆದರೆ ಸ್ವಿಚ್ ಪ್ರತಿ ಪೋರ್ಟಿಗೆ ಕೊಡುವ 24 ಬಿಟ್‌ನ ವಿಳಾಸದಲ್ಲಿ ಮೊದಲ 8 ಬಿಟ್ ಡೊಮೈನ್ ಸಂಖ್ಯೆಯೇ. 01ರಿಂದ ಶುರುವಾದರೆ ಎ, 02ರಿಂದ ಶುರುವಾದರೆ ಬಿ: ಲಾಗ್ ಓದುವಾಗ ಒಂದೇ ನೋಟಕ್ಕೆ ದಾರಿ ತಿಳಿಯುತ್ತದೆ. ತೀರ ಸಣ್ಣ ಅನುಕೂಲ, ರಾತ್ರಿ ಹೊತ್ತು ದೋಷ ಹುಡುಕುವಾಗ ದೊಡ್ಡದು.

ಪೋರ್ಟ್ ಎಂಬ ಪದ ಇಲ್ಲಿ ಹಲವು ರೂಪ ತಾಳುತ್ತದೆ. ಯಂತ್ರದ ಕಡೆಯದು ಎನ್-ಪೋರ್ಟ್, ಅದಕ್ಕೆ ಎದುರಾದ ಸ್ವಿಚ್ ಕಡೆಯದು ಎಫ್-ಪೋರ್ಟ್. ಸ್ವಿಚ್-ಸ್ವಿಚ್ ನಡುವಿನದು ಇ-ಪೋರ್ಟ್. ಎದುರು ಏನಿದೆ ಎಂದು ಇನ್ನೂ ಗೊತ್ತಾಗದ ಸ್ವಿಚ್ ಪೋರ್ಟ್ ಜಿ-ಪೋರ್ಟ್. ಹಳೆಯ ಲೂಪ್ ವಿಧಾನದವು ಎನ್‌ಎಲ್ ಮತ್ತು ಎಫ್‌ಎಲ್. ನೋಡಬೇಕಾದದ್ದು ಇಷ್ಟೇ: ಸ್ವಿಚ್‌ನ ಪಟ್ಟಿಯಲ್ಲಿ ಮೂರೂ ಯಂತ್ರಗಳ ಪೋರ್ಟ್‌ಗಳ ಎದುರು ಎಫ್-ಪೋರ್ಟ್ ಎಂದಿರಬೇಕು. ಜಿ ಎಂದೇ ಉಳಿದರೆ ಬೆಳಕು ಬಂದಿದೆ, ಫ್ಯಾಬ್ರಿಕ್ ಲಾಗಿನ್ ಆಗಿಲ್ಲ ಎಂದರ್ಥ. ಆಗ ಕೇಬಲ್ ಬಿಟ್ಟು ಯಂತ್ರದ ಡ್ರೈವರ್ ಕಡೆ ನೋಡಬೇಕು. ಇಲ್ಲಿ ಒಂದು ಹೋಸ್ಟಿನಲ್ಲಿ ಹಾಗೇ ಆಯಿತು: ಕಾರ್ಡಿಗೆ ಬೇಕಾದ ಫರ್ಮ್‌ವೇರ್ ಕಡತದ ಪ್ಯಾಕೇಜ್ ಹಾಕಿರಲಿಲ್ಲ.

ಹಂತ 5: ಸ್ಟೋರೇಜ್ ಸರ್ವರನ್ನು ಟಾರ್ಗೆಟ್ ಮಾಡುವುದು

ಕೇಳುವವನು ಇನಿಷಿಯೇಟರ್, ಕೊಡುವವನು ಟಾರ್ಗೆಟ್. ಎಚ್‌ಬಿಎ ಕಾರ್ಡ್ ಹುಟ್ಟಿನಿಂದಲೇ ಇನಿಷಿಯೇಟರ್‌ನಂತೆ ನಡೆದುಕೊಳ್ಳುತ್ತದೆ. ಲಿನಕ್ಸ್‌ನ ಕ್ಯೂಎಲ್‌ಎ2ಎಕ್ಸ್‌ಎಕ್ಸ್‌ಎಕ್ಸ್ ಡ್ರೈವರ್‌ನಲ್ಲಿ ಕ್ಯೂಎಲ್‌ಇನಿ-ಮೋಡ್ ಎಂಬ ಆಯ್ಕೆಯನ್ನು ಡಿಸೇಬಲ್ಡ್ ಎಂದು ಇಟ್ಟರೆ ಇನಿಷಿಯೇಟರ್ ಪಾತ್ರ ಪೂರ್ತಿ ನಿಲ್ಲುತ್ತದೆ. ಅದರ ಮೇಲೆ ಡಿಸ್ಕ್ ಹೊರಗೆ ಕೊಡುವ ಕರ್ನಲ್ಲಿನ ಭಾಗ ಎಲ್‌ಐಓ, ಅದನ್ನು ನಡೆಸುವ ಆಜ್ಞಾ ಸಾಧನ ಟಾರ್ಗೆಟ್‌ಸಿಎಲ್‌ಐ.

ಮೂರನೇ ಸೋಲು ಇಲ್ಲಿ. ಆಯ್ಕೆಯನ್ನು ಮಾಡ್‌ಪ್ರೋಬ್ ಕಡತದಲ್ಲಿ ಬರೆದು ರೀಬೂಟ್ ಮಾಡಿದರೂ ಕಾರ್ಡ್ ಇನಿಷಿಯೇಟರ್ ಆಗಿಯೇ ಏಳುತ್ತಿತ್ತು. ಕಡತದಲ್ಲಿ ಅಕ್ಷರ ತಪ್ಪಿಲ್ಲ. ಡ್ರೈವರ್ ಲೋಡ್ ಆಗುತ್ತಿದ್ದದ್ದು ಡಿಸ್ಕಿನ ಕಡತ ಓದುವ ಮೊದಲೇ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಮೆಮೊರಿಗೆ ಬರುವ ಕಿರು ಕಡತ ವ್ಯವಸ್ಥೆ) ಒಳಗಿನಿಂದ. ಅದರೊಳಗೆ ಹಳೆಯ ಸಂರಚನೆಯೇ ಇತ್ತು. ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ ರೀಬೂಟ್ ಮಾಡಿದ ಮೇಲೆ ಸರಿಯಾಯಿತು. ಡ್ರೈವರ್ ಆಯ್ಕೆ ಬದಲಿಸಿದಾಗಲೆಲ್ಲ ಇದನ್ನು ಮರೆಯಬಾರದು.

ಟಾರ್ಗೆಟ್‌ಸಿಎಲ್‌ಐಯಲ್ಲಿ ಕ್ರಮ: ಎರಡು ವಾಲ್ಯೂಮ್‌ಗಳನ್ನು ಬ್ಲಾಕ್ ಬಗೆಯ ಬ್ಯಾಕ್‌ಸ್ಟೋರ್ ಆಗಿ ಸೇರಿಸುವುದು, ಕಾರ್ಡಿನ ಎರಡೂ ಪೋರ್ಟ್‌ಗಳನ್ನು ಟಾರ್ಗೆಟ್ ಆಗಿ ಸೃಷ್ಟಿಸುವುದು, ಅವುಗಳ ಕೆಳಗೆ ಲನ್ (ವಾಲ್ಯೂಮ್ ಹೋಸ್ಟಿಗೆ ಕಾಣುವ ಸಂಖ್ಯೆ) ಸೇರಿಸುವುದು, ಪ್ರತಿ ಹೋಸ್ಟಿಗೆ ಎಸಿಎಲ್ (ಯಾರಿಗೆ ಪ್ರವೇಶ ಎಂಬ ಪಟ್ಟಿ) ಬರೆಯುವುದು, ಕೊನೆಗೆ ಸಂರಚನೆ ಉಳಿಸುವುದು.

ಸ್ಟೋರೇಜ್ ಸರ್ವರ್‌ನ ಎಲ್‌ವಿಎಂಗೆ ಫಿಲ್ಟರ್ ಹಾಕುವುದು ಇದೇ ಹಂತದ ಕೆಲಸ. ಹೋಸ್ಟ್ ತನಗೆ ಸಿಕ್ಕ ಡಿಸ್ಕಿನೊಳಗೆ ತನ್ನದೇ ಎಲ್‌ವಿಎಂ ಮಾಡಿಕೊಂಡರೆ, ಸ್ಟೋರೇಜ್ ಸರ್ವರ್ ಮುಂದಿನ ಬೂಟ್‌ನಲ್ಲಿ ತನ್ನ ವಾಲ್ಯೂಮಿನೊಳಗೆ ಇಣುಕಿ ಅದನ್ನೂ ಎಬ್ಬಿಸಿಕೊಳ್ಳುತ್ತದೆ. ಆಗ "ಸಾಧನ ಬಳಕೆಯಲ್ಲಿದೆ" ಎಂದು ಎಲ್‌ಐಓ ಅದನ್ನು ಹೊರಗೆ ಕೊಡಲು ನಿರಾಕರಿಸುತ್ತದೆ. ಗ್ಲೋಬಲ್ ಫಿಲ್ಟರ್‌ನಲ್ಲಿ ರೇಡ್ ಸಾಧನವೊಂದನ್ನೇ ಒಪ್ಪಿ ಉಳಿದದ್ದನ್ನು ತಳ್ಳಿಬಿಡಬೇಕು.

ಹಂತ 6: ಝೋನ್, ಎಸಿಎಲ್, ಮತ್ತು ಎರಡು ಬಗೆಯ ಡಬ್ಲ್ಯುಡಬ್ಲ್ಯುಎನ್

ಪ್ರತಿ ಕಾರ್ಡಿನಲ್ಲೂ ಕಾರ್ಖಾನೆಯಲ್ಲೇ ಬರೆದ 64 ಬಿಟ್‌ನ ಹೆಸರಿರುತ್ತದೆ: ವರ್ಲ್ಡ್ ವೈಡ್ ನೇಮ್, ಅಂದರೆ ಡಬ್ಲ್ಯುಡಬ್ಲ್ಯುಎನ್. ಇದರಲ್ಲೇ ಎರಡು. ಪೋರ್ಟಿನದ್ದು ಡಬ್ಲ್ಯುಡಬ್ಲ್ಯುಪಿಎನ್, ನೋಡ್‌ನದ್ದು (ಪೋರ್ಟ್‌ಗಳನ್ನು ಹೊತ್ತ ಸಾಧನದ್ದು) ಡಬ್ಲ್ಯುಡಬ್ಲ್ಯುಎನ್‌ಎನ್. ಇಲ್ಲಿನ ಕಾರ್ಡ್‌ಗಳಲ್ಲಿ ಮೊದಲ ಪೋರ್ಟಿನ ಹೆಸರು 21:00ರಿಂದ, ನೋಡಿನದು 20:00ರಿಂದ ಶುರು. ಉಳಿದ ಆರು ಜೋಡಿ ಅಂಕಿ ಎರಡರಲ್ಲೂ ಒಂದೇ. ಕಣ್ಣು ಕೊನೆಯ ಅಂಕಿಗಳನ್ನು ಹೊಂದಿಸಿ ನೋಡುತ್ತದೆ, ಮೊದಲನೆಯದನ್ನು ಬಿಟ್ಟುಬಿಡುತ್ತದೆ.

ಝೋನಿಂಗ್ ನಡೆಯುವುದು ಸ್ವಿಚ್‌ನಲ್ಲಿ: ಯಾವ ಪೋರ್ಟ್ ಯಾವುದನ್ನು ನೋಡಬಹುದು. ಲನ್ ಮಾಸ್ಕಿಂಗ್ ನಡೆಯುವುದು ಸ್ಟೋರೇಜಿನಲ್ಲಿ: ನೋಡಲು ಬಂದವನಿಗೆ ಯಾವ ಡಿಸ್ಕ್ ತೋರಿಸಬೇಕು. ಎರಡೂ ಬೇಕು, ಒಂದು ಇನ್ನೊಂದರ ಬದಲಿಯಾಗದು. ಪ್ರತಿ ಝೋನಿನಲ್ಲಿ ಒಂದು ಇನಿಷಿಯೇಟರ್, ಒಂದು ಟಾರ್ಗೆಟ್. ಫ್ಯಾಬ್ರಿಕ್ ಎನಲ್ಲಿ ಎರಡು ಝೋನ್, ಬಿನಲ್ಲಿ ಎರಡು. ಎರಡು ಹೋಸ್ಟ್‌ಗಳನ್ನು ಒಂದೇ ಝೋನಿಗೆ ಹಾಕಿದರೂ ಕೆಲಸ ನಡೆಯುತ್ತದೆ, ಆದರೆ ಒಂದು ಹೋಸ್ಟ್ ರೀಬೂಟ್ ಆದಾಗಲೆಲ್ಲ ಸ್ವಿಚ್ ಕಳುಹಿಸುವ ಬದಲಾವಣೆ ಸೂಚನೆ ಇನ್ನೊಂದು ಹೋಸ್ಟಿಗೂ ತಲುಪಿ ಅದನ್ನೂ ಕಲಕುತ್ತದೆ.

ಝೋನ್ ಎಲ್ಲ ಬರೆದು ಚಾಲೂ ಮಾಡಿದ ಮೇಲೆ ಮೊದಲ ಹೋಸ್ಟ್ ತನ್ನ ಡಿಸ್ಕ್ ಕಂಡಿತು. ಎರಡನೇ ಹೋಸ್ಟಿಗೆ ಟಾರ್ಗೆಟ್ ಪೋರ್ಟ್ ಫ್ಯಾಬ್ರಿಕ್‌ನಲ್ಲಿ ಕಾಣುತ್ತಿದೆ, ಡಿಸ್ಕ್ ಇಲ್ಲ. ಮತ್ತೆ ಮತ್ತೆ ಸ್ಕ್ಯಾನ್, ಝೋನ್ ಅಳಿಸಿ ಬರೆಯುವುದು, ಸ್ವಿಚ್ ರೀಬೂಟ್, ಹೀಗೆ ನಾಲ್ಕು ಗಂಟೆ. ತಪ್ಪು ಎಸಿಎಲ್‌ನಲ್ಲಿತ್ತು: 21:00 ಎಂದು ಬರೆಯಬೇಕಾದಲ್ಲಿ 20:00. ಸ್ವಿಚ್‌ನ ಪಟ್ಟಿ ಎರಡೂ ಹೆಸರನ್ನು ಪಕ್ಕಪಕ್ಕದಲ್ಲೇ ತೋರಿಸುತ್ತದೆ, ನಕಲು ಮಾಡಿದ್ದು ಎರಡನೇ ಕಾಲಮ್‌ನಿಂದ. ಎಲ್‌ಐಓ ಪೋರ್ಟಿನ ಹೆಸರನ್ನೇ ಹೋಲಿಸುತ್ತದೆ. ನೋಡಿನ ಹೆಸರು ಬರೆದರೆ ಬಂದವನು ಅಪರಿಚಿತ, ಲಾಗಿನ್ ಇಲ್ಲ.

ಈ ತಪ್ಪು ಮತ್ತೆ ಆಗದಂತೆ ಈಗ ಪಾಲಿಸುವ ಕ್ರಮ: ಹೆಸರನ್ನು ಸ್ವಿಚ್‌ನಿಂದ ತೆಗೆಯುವುದಿಲ್ಲ. ಹೋಸ್ಟಿನಲ್ಲೇ, ಸಿಸ್ ಕಡತ ವ್ಯವಸ್ಥೆಯ ಎಫ್‌ಸಿ-ಹೋಸ್ಟ್ ವಿಭಾಗದಲ್ಲಿರುವ ಪೋರ್ಟ್-ನೇಮ್ ಕಡತದಿಂದ ಓದಿ, ಒಂದೇ ಪಟ್ಟಿಯಲ್ಲಿ ಇಟ್ಟು, ಝೋನ್ ಮತ್ತು ಎಸಿಎಲ್ ಎರಡಕ್ಕೂ ಅಲ್ಲಿಂದಲೇ ನಕಲು. ಟಾರ್ಗೆಟ್ ಪೋರ್ಟ್ ಕಾಣುತ್ತಿದ್ದರೆ ಝೋನ್ ಸರಿ ಇದೆ, ಅದನ್ನು ಮುಟ್ಟಬಾರದು. ದೋಷ ಅದರಿಂದ ಮುಂದಿದೆ.

ಲನ್ ಎಂಬುದು ಸಂಖ್ಯೆ, ಡಿಸ್ಕ್ ಅಲ್ಲ. ಒಂದೇ ವಾಲ್ಯೂಮ್ ಒಂದು ಹೋಸ್ಟಿಗೆ ಲನ್ 0, ಇನ್ನೊಂದಕ್ಕೆ ಲನ್ 3 ಆಗಿ ಕಾಣಬಹುದು. ವಾಲ್ಯೂಮನ್ನು ಗುರುತಿಸಬೇಕಾದರೆ ಅದರ ಬದಲಾಗದ ಗುರುತಾದ ಡಬ್ಲ್ಯುಡಬ್ಲ್ಯುಐಡಿ ನೋಡಬೇಕು. ಇದಕ್ಕಿಂತ ಮುಖ್ಯವಾದದ್ದು: ಎಕ್ಸ್‌ಎಫ್‌ಎಸ್, ಎಕ್ಸ್ಟ್4ನಂತಹ ಸಾಮಾನ್ಯ ಕಡತ ವ್ಯವಸ್ಥೆಯಿರುವ ಒಂದೇ ಲನ್ ಅನ್ನು ಎರಡು ಹೋಸ್ಟ್‌ಗಳಲ್ಲಿ ಏಕಕಾಲಕ್ಕೆ ಮೌಂಟ್ ಮಾಡಿದರೆ ದತ್ತಾಂಶ ಹಾಳಾಗುತ್ತದೆ, ಬಹಳ ಸಲ ತಕ್ಷಣ ತಿಳಿಯುವುದೂ ಇಲ್ಲ. ಮಾಸ್ಕಿಂಗ್ ಅನ್ನು ಬಿಗಿಯಾಗಿ ಇಡುವುದು ಇದಕ್ಕಾಗಿ.

ಹಂತ 7: ಮಲ್ಟಿಪಾತ್

ಎರಡು ದಾರಿ ಇದ್ದರೆ ಹೋಸ್ಟಿಗೆ ಒಂದೇ ಡಿಸ್ಕ್ ಎರಡಾಗಿ ಕಾಣುತ್ತದೆ, ಎಸ್‌ಡಿಬಿ ಮತ್ತು ಎಸ್‌ಡಿಸಿ. ಎರಡನ್ನೂ ಸೇರಿಸಿ ಒಂದು ಸಾಧನ ಮಾಡುವುದು ಮಲ್ಟಿಪಾತ್ ಸೇವೆ. ಒಂದೇ ಸ್ಟೋರೇಜ್ ಸರ್ವರ್, ಎರಡೂ ಪೋರ್ಟ್ ಸಮಾನ. ಹಾಗಾಗಿ ಎರಡೂ ದಾರಿಗಳನ್ನು ಒಂದೇ ಗುಂಪಿಗೆ ಹಾಕುವ ಮಲ್ಟಿಬಸ್ ನೀತಿ. ಮೌಂಟ್ ಮಾಡುವುದು ಯಾವಾಗಲೂ ಮಲ್ಟಿಪಾತ್ ಸಾಧನವನ್ನೇ. ಎಸ್‌ಡಿಬಿಯನ್ನು ನೇರ ಮೌಂಟ್ ಮಾಡಿದರೆ ಇಷ್ಟು ಹೊತ್ತು ಕಟ್ಟಿದ ಎರಡನೇ ದಾರಿಗೆ ಅರ್ಥವಿಲ್ಲ.

ಕೇಬಲ್ ಕೀಳುವ ಮೊದಲ ಪರೀಕ್ಷೆಯಲ್ಲಿ ಓದು-ಬರಹ ನಿಂತದ್ದು 30 ಸೆಕೆಂಡ್. ಬೇರೊಂದು ಜೋಡಣೆಯಿಂದ ನಕಲು ಮಾಡಿದ ಸಂರಚನೆಯಲ್ಲಿ ಫಾಸ್ಟ್-ಐಓ-ಫೇಲ್ ಅವಧಿ (ಹೋದ ದಾರಿಯ ಓದು-ಬರಹವನ್ನು ಕೈಬಿಡುವ ಮುನ್ನ ಕಾಯುವ ಸಮಯ) ಆಫ್ ಆಗಿತ್ತು, ಡೆವ್-ಲಾಸ್ ಅವಧಿ (ಸಾಧನವೇ ಹೋಯಿತೆಂದು ತೀರ್ಮಾನಿಸುವ ಸಮಯ) 30 ಇತ್ತು. ದಾರಿ ಹೋದ ಮೇಲೂ ಕರ್ನಲ್ ಅದಕ್ಕಾಗಿ ಪೂರ್ತಿ 30 ಸೆಕೆಂಡ್ ಕಾಯುತ್ತಿತ್ತು. ಮೊದಲನೆಯದನ್ನು 5ಕ್ಕೆ ಇಟ್ಟ ಮೇಲೆ ನಿಲುಗಡೆ 6 ಸೆಕೆಂಡಿಗೆ ಇಳಿಯಿತು.

ಹಂತ 8: ವೇಗ ಬರಲಿಲ್ಲ

ವೇಗ ಅಳೆಯುವ ಎಫ್‌ಐಓದಲ್ಲಿ 1 ಎಂಬಿ ತುಂಡುಗಳ ಸತತ ಓದು. ಎರಡು ದಾರಿಗೆ ಸೆಕೆಂಡಿಗೆ 1500 ಎಂಬಿ ಸುತ್ತ ನಿರೀಕ್ಷೆ. ಬಂದದ್ದು 390. ಎರಡೂ ಹೋಸ್ಟ್‌ಗಳಲ್ಲಿ ಒಟ್ಟಿಗೆ ಓಡಿಸಿದರೆ ತಲಾ 195.

ಮೊದಲ ಅನುಮಾನ ಫೈಬರ್ ಮೇಲೆ. ಸ್ವಿಚ್‌ನ ದೋಷ ಎಣಿಕೆ ತೆಗೆದರೆ ನಿಜಕ್ಕೂ ಒಂದು ಎಣಿಕೆ ಏರುತ್ತಿತ್ತು: ತಪ್ಪು ಆರ್ಡರ್ಡ್ ಸೆಟ್ (ಲಿಂಕಿನ ನಿಯಂತ್ರಣ ಸಂಕೇತ). ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟ ದತ್ತಾಂಶ) ಮಾತ್ರ ಸೊನ್ನೆ. 8 ಜಿಎಫ್‌ಸಿಯಲ್ಲಿ ಕಳುಹಿಸಲು ಏನೂ ಇಲ್ಲದಾಗ ಲಿಂಕಿನಲ್ಲಿ ಹರಿಯುವ ತುಂಬುಪದವನ್ನು ಐಡಲ್‌ನಿಂದ ಆರ್ಬ್-ಎಫ್‌ಎಫ್‌ಗೆ ಬದಲಿಸಲಾಯಿತು. ಸ್ವಿಚ್ ಒಂದನ್ನು, ಕಾರ್ಡ್ ಇನ್ನೊಂದನ್ನು ಕಳುಹಿಸುತ್ತಿದ್ದರೆ ಈ ಎಣಿಕೆ ಏರುತ್ತದೆ. ಪೋರ್ಟಿನ ತುಂಬುಪದದ ವಿಧಾನವನ್ನು 0ಯಿಂದ 3ಕ್ಕೆ ಬದಲಿಸಿದಾಗ ಎಣಿಕೆ ನಿಂತಿತು. ವಿಧಾನ ಬದಲಿಸುವ ಕ್ಷಣದಲ್ಲಿ ಪೋರ್ಟ್ ಬಿದ್ದು ಏಳುತ್ತದೆ, ಒಂದು ಫ್ಯಾಬ್ರಿಕ್ ಮುಗಿದ ಮೇಲೆ ಇನ್ನೊಂದನ್ನು ಮುಟ್ಟಬೇಕು. ಇದು ಸರಿಪಡಿಸಬೇಕಾದ ದೋಷವೇ, ಆದರೆ ವೇಗ 390ರಲ್ಲೇ ಉಳಿಯಿತು.

ನಂತರ ಸ್ಟೋರೇಜ್ ಸರ್ವರಿನ ಒಳಗೇ, ಫೈಬರ್ ಇಲ್ಲದೆ, ವಾಲ್ಯೂಮ್ ಮೇಲೆ ನೇರ ಅಳೆದದ್ದು: 1900ಕ್ಕೂ ಹೆಚ್ಚು. ಡಿಸ್ಕ್ ಕಡೆ ತೊಂದರೆಯಿಲ್ಲ. ಹೋಸ್ಟ್ ಒಂದಾದರೂ ಎರಡಾದರೂ ಒಟ್ಟು ಮೊತ್ತ ಒಂದೇ. ಅಂದರೆ ಅಡಚಣೆ ಇರುವುದು ಎರಡಕ್ಕೂ ಸಮಾನವಾದ ಜಾಗದಲ್ಲಿ. ಡಿಸ್ಕ್ ಮತ್ತು ಸ್ವಿಚ್ ನಡುವೆ ಅಂಥದ್ದು ಸ್ಟೋರೇಜ್ ಸರ್ವರಿನ ಫೈಬರ್ ಕಾರ್ಡ್ ಒಂದೇ. ಇಷ್ಟು ತರ್ಕ ಮೊದಲೇ ಮಾಡಿದ್ದರೆ ಒಂದು ದಿನ ಉಳಿಯುತ್ತಿತ್ತು.

ಎಲ್‌ಎಸ್‌ಪಿಸಿಐ ಮತ್ತೆ ತೆಗೆದರೆ: 5 ಜಿಟಿ, ಅಗಲ ×1. ಹಂತ 1ರಲ್ಲಿ ×4 ಇದ್ದದ್ದು ಸುಳ್ಳಲ್ಲ. ಅದಾದ ಮೇಲೆ ಪಕ್ಕದ ಗಿಡ್ಡ ಸ್ಲಾಟಿಗೆ ಒಂದು ನೆಟ್‌ವರ್ಕ್ ಕಾರ್ಡ್ ಹಾಕಲಾಗಿತ್ತು. ಆ ಮದರ್‌ಬೋರ್ಡಿನಲ್ಲಿ ಗಿಡ್ಡ ಸ್ಲಾಟ್ ಮತ್ತು ಉದ್ದ ಸ್ಲಾಟ್ ಲೇನ್‌ಗಳನ್ನು ಹಂಚಿಕೊಳ್ಳುತ್ತವೆ. ಗಿಡ್ಡದರಲ್ಲಿ ಏನಾದರೂ ಕೂತರೆ ಉದ್ದದ್ದು ×1ಕ್ಕೆ ಇಳಿಯುತ್ತದೆ. ಕೈಪಿಡಿಯ ಅಡಿಟಿಪ್ಪಣಿಯಲ್ಲಿ ಅದು ಬರೆದಿದೆ. ಒಂದು ಲೇನ್‌ನ 500ರಲ್ಲಿ ಮೇಲುಖರ್ಚು ಕಳೆದರೆ ಸರಿಸುಮಾರು 390. ಲೆಕ್ಕ ಕಣ್ಣೆದುರೇ ಇತ್ತು.

ನೆಟ್‌ವರ್ಕ್ ಕಾರ್ಡ್ ತೆಗೆದು ಬೋರ್ಡಿನದೇ ಈಥರ್ನೆಟ್ ಬಳಸಿದ ಮೇಲೆ ಅಗಲ ×4, ಓದು 1480. ಕಾರ್ಡಿನ ಲಿಂಕ್ ಅಗಲವನ್ನು ಕೊನೆಯ ಸ್ಕ್ರೂ ಬಿಗಿದ ನಂತರವೂ ಒಮ್ಮೆ ನೋಡಬೇಕು, ಮೊದಲ ದಿನದ ಓದು ಸಾಲದು.

ಹಂತ 9: ಕೀಳುವ ಪರೀಕ್ಷೆ

ಓದು-ಬರಹ ನಡೆಯುತ್ತಿರುವಾಗಲೇ ಒಂದೊಂದಾಗಿ: ಹೋಸ್ಟ್ ಕಡೆಯ ಕೇಬಲ್ ಕಿತ್ತರೆ 6 ಸೆಕೆಂಡ್ ನಿಲುಗಡೆ, ಆಮೇಲೆ ಒಂದೇ ದಾರಿಯಲ್ಲಿ 760. ಟಾರ್ಗೆಟ್ ಕಡೆಯದನ್ನು ಕಿತ್ತರೂ ಅಷ್ಟೇ. ಸ್ವಿಚ್ ಎಯ ಪವರ್ ತೆಗೆದರೆ 6 ಸೆಕೆಂಡ್, ಎರಡೂ ಹೋಸ್ಟ್ ಬದುಕಿದವು. ಮತ್ತೆ ಹಚ್ಚಿದಾಗ ಸ್ವಿಚ್ ಪೂರ್ತಿ ಏಳುವವರೆಗೆ ಕಾದು ಮಲ್ಟಿಪಾತ್ ಪಟ್ಟಿ ನೋಡಿದರೆ ಎರಡೂ ದಾರಿ ಸಕ್ರಿಯ. ಸ್ಟೋರೇಜ್ ಸರ್ವರ್ ರೀಬೂಟ್: ಟಾರ್ಗೆಟ್ ಸಂರಚನೆ ತಾನಾಗಿ ಮರಳಿತು, ಹೋಸ್ಟ್‌ಗಳು ಅಷ್ಟು ಹೊತ್ತು ಕಾದು ಮುಂದುವರಿದವು, ದಾರಿಯಿಲ್ಲದಾಗ ಸರದಿಯಲ್ಲಿ ನಿಲ್ಲಿಸು ಎಂಬ ಆಯ್ಕೆ ಹಾಕಿದ್ದರಿಂದ.

ಪ್ರತಿ ಕೇಬಲ್ಲಿನ ಎರಡೂ ತುದಿಗೆ ಲೇಬಲ್: ಯಂತ್ರ, ಪೋರ್ಟ್, ಫ್ಯಾಬ್ರಿಕ್, ಸ್ವಿಚ್ ಪೋರ್ಟ್ ಸಂಖ್ಯೆ. ಎರಡೂ ಸ್ವಿಚ್‌ಗಳ ಸಂರಚನೆ, ಟಾರ್ಗೆಟ್‌ನ ಸಂರಚನೆ ಕಡತ ಮತ್ತು ಡಬ್ಲ್ಯುಡಬ್ಲ್ಯುಪಿಎನ್ ಪಟ್ಟಿಯ ಪ್ರತಿ ಈ ಸ್ಯಾನ್‌ನ ಹೊರಗಿನ ಯಂತ್ರದಲ್ಲಿದೆ. ಬಾಕಿ ಇರುವುದು ಒಂದು: ತಪ್ಪಾಗಿ ಬಂದ ಎರಡು ಎಸ್‌ಎಫ್‌ಪಿ ಪ್ಲಸ್ ಬದಲಿಗೆ 8 ಜಿಎಫ್‌ಸಿಯವನ್ನು ಬಿಡಿಭಾಗವಾಗಿ ತಂದಿಡುವುದು.